ಮಕ್ಕಳ ರಾಜ್ಯದ ಹುಡುಗ, ಮುನ್ನೂರೈವತ್ತು ಚಿತ್ರಗಳ ಉಮೇಶ್

1960ರಲ್ಲಿ ಬಿ.ಆರ್. ಪಂತುಲು ತಮ್ಮ ಪದ್ಮಿನಿ ಪಿಕ್ಚರ್ಸ್‌ಗಾಗಿ ‘ಮಕ್ಕಳ ರಾಜ್ಯ’ ತೆಗೆದರು. ನರಸಿಂಹರಾಜು, ಬಾಲಕೃಷ್ಣ, ಎಂ.ವಿ. ರಾಜಮ್ಮನವರಂಥ ಪಳಗಿದ ಕಲಾವಿದರು ಅದರಲ್ಲಿದ್ದರು. ಆದರೆ ಹೆಸರೇ ಹೇಳುವಂತೆ ಚಿತ್ರ ಮಕ್ಕಳದು. ಅದರ ಮುಖ್ಯ ಪಾತ್ರಕ್ಕೆ ಪಂತುಲು ಆರಿಸಿದ್ದು ಮೈಸೂರಿನ ಒಬ್ಬ ಸಣಕಲು ಹುಡುಗನನ್ನು. ಆತನೇ ಎಂ.ಎಸ್. ಉಮೇಶ್, ಮೈಸೂರು ಶ್ರೀಕಂಠಯ್ಯ ಉಮೇಶ್. ಮೊದಲ ಚಿತ್ರದಲ್ಲೇ ಮುಖ್ಯ ಪಾತ್ರ ಮಾಡಿದ ಈ ಹುಡುಗ ಮುಂದೆ ನಾಯಕನಾಗಲಿಲ್ಲ. ಆದರೆ ಕನ್ನಡದಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡು, 2025ರ ನವೆಂಬರ್ 30ರಂದು ತೀರಿಕೊಳ್ಳುವವರೆಗೂ ಕನ್ನಡಿಗರಿಗೆ ಮನೆಯ ಮನುಷ್ಯನಂತೆಯೇ ಪರಿಚಿತರಾಗಿದ್ದರು. ಆಗ ಅವರಿಗೆ ಎಂಬತ್ತು.

ಬಾಲನಟನ ಬದುಕು ಸಾಮಾನ್ಯವಾಗಿ ಹೀಗೆ ಸಾಗುವುದಿಲ್ಲ. ಹತ್ತು ವರ್ಷದ ಹುಡುಗನನ್ನು ಪ್ರೇಕ್ಷಕ ಮೆಚ್ಚುವುದು ಅವನ ತೊದಲಿಗೆ, ಗುಂಗುರು ಕೂದಲಿಗೆ, ವಯಸ್ಸಿಗೆ ಮೀರಿದ ಮಾತಿಗೆ. ಹದಿನಾಲ್ಕಕ್ಕೆ ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ. ಮೆಚ್ಚಿದ ಯಾವುದೂ ಅವನ ಬಳಿ ಉಳಿದಿರುವುದಿಲ್ಲ. ಮಗುವಿನ ಪಾತ್ರಕ್ಕೆ ದೊಡ್ಡವ, ನಾಯಕನ ಪಾತ್ರಕ್ಕೆ ಚಿಕ್ಕವ ಎನಿಸುವ ಐದಾರು ವರ್ಷಗಳನ್ನು ಅವನು ದಾಟಬೇಕು. ಅಷ್ಟರಲ್ಲಿ ಗಾಂಧಿನಗರ ಇನ್ನೊಂದು ಮಗುವನ್ನು ಕಂಡುಕೊಂಡಿರುತ್ತದೆ.

ಆ ವರ್ಷಗಳನ್ನು ದಾಟಿದವರೆಲ್ಲ ಒಂದೇ ಕಡೆ ಸೇರಲಿಲ್ಲ. ‘ಬೆಟ್ಟದ ಹೂವು’ (1985) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಪುನೀತ್ ರಾಜ್‌ಕುಮಾರ್, 2002ರ ‘ಅಪ್ಪು’ವಿನಲ್ಲಿ ನಾಯಕನಾಗಿ ಮರಳಿದರು. ‘ಚಿನ್ನಾರಿ ಮುತ್ತ’ದ ವಿಜಯ ರಾಘವೇಂದ್ರ ಅದೇ ವರ್ಷ ‘ನಿನಗಾಗಿ’ ಚಿತ್ರದ ನಾಯಕರಾದರು. ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗ ಸ್ವಾಮಿಯಾಗಿ ದೇಶಕ್ಕೇ ಪ್ರಿಯನಾದ ಮಾಸ್ಟರ್ ಮಂಜುನಾಥ್, ‘ಅಗ್ನಿಪಥ್’ನಲ್ಲಿ (1990) ಬಾಲಕ ವಿಜಯ್ ದೀನಾನಾಥ್ ಚೌಹಾಣ್ ಆಗಿಯೂ ಗಮನ ಸೆಳೆದು, ಬಳಿಕ ನಟನೆಯನ್ನೇ ಬಿಟ್ಟು ಬೇರೆ ವೃತ್ತಿ ಹಿಡಿದರು. ‘ಗೌರಿ ಗಣೇಶ’ದ (1991) ಮಾಸ್ಟರ್ ಆನಂದ್ ದೊಡ್ಡವರಾದ ಮೇಲೂ ‘ಮಾಸ್ಟರ್’ ಎಂಬ ಪಟ್ಟ ಉಳಿಸಿಕೊಂಡರು. ಪೋಷಕ ಪಾತ್ರ, ಕಿರುತೆರೆಯ ಹಾಸ್ಯ, ನಿರೂಪಣೆ ಎಲ್ಲವನ್ನೂ ಮಾಡುತ್ತ, ಕೊನೆಗೆ ‘ಡ್ರಾಮಾ ಜೂನಿಯರ್ಸ್’ ವೇದಿಕೆಯಲ್ಲಿ ತಮ್ಮಂಥ ಮಕ್ಕಳನ್ನೇ ಪರಿಚಯಿಸುವ ನಿರೂಪಕರಾದರು.

ಉಮೇಶರಿಗೆ ಪುನೀತರಂತೆ ಮನೆತನದ ಬೆಂಬಲ ಇರಲಿಲ್ಲ, ನಾಯಕನಿಗೆ ಬೇಕಾದ ಮೈಕಟ್ಟೂ ಇರಲಿಲ್ಲ. ಇದ್ದದ್ದು ನಾಟಕ ಕಂಪನಿಯ ಪಾಠ. 1945ರ ಏಪ್ರಿಲ್ 24ರಂದು ಹುಟ್ಟಿದ ಅವರು ನಾಲ್ಕನೇ ವಯಸ್ಸಿಗೇ ಕೆ. ಹಿರಣ್ಣಯ್ಯನವರ ಕಂಪನಿಯಲ್ಲಿ ಬಣ್ಣ ಹಚ್ಚಿದ್ದರು. ಆಮೇಲೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಕಂಪನಿ ನಾಟಕದಲ್ಲಿ ಬೆಳೆದ ಹುಡುಗನಿಗೆ ಇಂಥದ್ದೇ ಪಾತ್ರ ಎಂಬ ಹಟ ಇರುವಂತಿಲ್ಲ. ಇವತ್ತು ಪುಟ್ಟ ಕೃಷ್ಣ, ನಾಳೆ ದೂತ, ನಾಡಿದ್ದು ಯಾರೋ ಜ್ವರ ಬಂದು ಮಲಗಿದರೆ ಅವರ ವೇಷ. ಹಾಡಬೇಕು, ಮಾತು ಬಾಯಿಪಾಠ ಆಗಿರಬೇಕು, ಎದುರು ಪಾತ್ರ ತಪ್ಪಿದರೆ ಸಂಭಾಳಿಸಬೇಕು.

‘ಮಕ್ಕಳ ರಾಜ್ಯ’ದ ಬಳಿಕ ಸುಮಾರು ಒಂದೂವರೆ ದಶಕ ಚಿತ್ರರಂಗ ಅವರನ್ನು ಹೆಚ್ಚು ವಿಚಾರಿಸಲಿಲ್ಲ. ಆ ವರ್ಷಗಳನ್ನು ಉಮೇಶ್ ಕಳೆದದ್ದು ರಂಗಭೂಮಿಯಲ್ಲೇ. ಅಂದರೆ ಅವರು ಖಾಲಿ ಕೂತಿರಲಿಲ್ಲ. ಮುಖ ಬದಲಾದದ್ದು, ಹೊಸ ದೇಹಕ್ಕೆ ತಕ್ಕ ನಟನೆ ರೂಢಿಯಾದದ್ದು ಎಲ್ಲವೂ ಕ್ಯಾಮೆರಾದ ಕಣ್ಣಿಗೆ ಬೀಳದೆ ನಡೆದುಹೋಯಿತು.

ಅವರನ್ನು ಮರಳಿ ಕರೆತಂದದ್ದು ಪುಟ್ಟಣ್ಣ ಕಣಗಾಲ್. 1976ರಲ್ಲಿ ತೆರೆಕಂಡ ‘ಕಥಾಸಂಗಮ’ ಮೂರು ಕತೆಗಳನ್ನು ಒಟ್ಟಿಗೆ ಕಟ್ಟಿದ ಚಿತ್ರ. ಈಶ್ವರಚಂದ್ರರ ‘ಮುನಿತಾಯಿ’ ಕತೆಯ ಭಾಗದಲ್ಲಿ ಆರತಿ ಅಂಧ ಹೆಣ್ಣುಮಗಳಾಗಿದ್ದರು. ಆಗಷ್ಟೇ ಚಿತ್ರರಂಗಕ್ಕೆ ಬಂದಿದ್ದ ರಜನೀಕಾಂತ್ ಕೊಂಡಾಜಿಯಾಗಿ, ಉಮೇಶ್ ತಿಮ್ಮರಾಯನಾಗಿ ಅವಳ ಅಸಹಾಯಕತೆಯನ್ನು ಬಳಸಿಕೊಳ್ಳುವ ದುರುಳರಾಗಿದ್ದರು. ಮಕ್ಕಳ ಚಿತ್ರದ ಮುದ್ದು ಹುಡುಗ ಮರಳಿ ಬಂದದ್ದು ಪ್ರೇಕ್ಷಕ ಹೇಸಿಕೊಳ್ಳಬೇಕಾದ ಪಾತ್ರದಲ್ಲಿ. ಅದಕ್ಕೇ 1975–76ರ ಸಾಲಿನ ರಾಜ್ಯ ಸರಕಾರದ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಬಂತು. ಬಾಲನಟನ ಹಳೆಯ ಚಿತ್ರವನ್ನು ಜನರ ಮನಸ್ಸಿನಿಂದ ಅಳಿಸಲು ಇದಕ್ಕಿಂತ ಒಳ್ಳೆಯ ಪಾತ್ರ ಸಿಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ಬಿಡುವೇ ಇಲ್ಲ. ‘ಗುರು ಶಿಷ್ಯರು’, ‘ಅನುಪಮ’, ‘ಕಾಮನ ಬಿಲ್ಲು’ ಚಿತ್ರಗಳಿಂದ ಹಿಡಿದು 2007ರ ‘ವೆಂಕಟ ಇನ್ ಸಂಕಟ’ದವರೆಗೆ ಪಾತ್ರಗಳ ಸಾಲೇ ಇದೆ. ‘ಗೋಲ್‌ಮಾಲ್ ರಾಧಾಕೃಷ್ಣ’ದಲ್ಲಿ (1990) ಅನಂತನಾಗ್ ಎದುರು ಅವರಾಡಿದ ‘ಅಪಾರ್ಥ ಮಾಡ್ಕೋಬೇಡಿ’ ಎಂಬ ಮಾತು ಊರ ಜಗಲಿಗಳಲ್ಲೂ ಚಾಲ್ತಿಗೆ ಬಂತು. ಎಳೆದು ಎಳೆದು ಆಡುವ ಮಾತು, ಸೊಟ್ಟ ತುಟಿ, ಸದಾ ಯಾವುದಕ್ಕೋ ಅಂಜಿದಂತಿರುವ ಮುಖ ಅವರ ಬಂಡವಾಳ. ನಾಯಕನಾಗಲು ಅಡ್ಡಿಯಾಗಿದ್ದ ಮೈಕಟ್ಟೇ ಪೋಷಕ ನಟನಿಗೆ ಗುರುತಾಯಿತು.

ಪೋಷಕ ನಟನ ಬಾಳಿಕೆಗೆ ಇನ್ನೊಂದು ಸರಳ ಕಾರಣವಿದೆ. ಚಿತ್ರವೊಂದಕ್ಕೆ ನಾಯಕ ಒಬ್ಬನೇ. ಮಾವ, ಗುಮಾಸ್ತ, ಬ್ರೋಕರ್, ಅಡುಗೆಭಟ್ಟ, ಪಕ್ಕದ ಮನೆಯವ ಎಂದು ಉಳಿದ ಪಾತ್ರಗಳು ಹತ್ತಾರು. ಚಿತ್ರ ಸೋತರೆ ನಾಯಕನ ಮಾರುಕಟ್ಟೆ ಕುಸಿಯುತ್ತದೆ. ಐದು ದಿನದ ಕಾಲ್‌ಶೀಟ್ ಕೊಟ್ಟ ಪೋಷಕ ನಟನ ತಲೆಗೆ ಆ ಸೋಲು ಬರುವುದಿಲ್ಲ. ಸಂಭಾವನೆ ಕಡಿಮೆ, ನಿಜ. ಆದರೆ ಸಮಯಕ್ಕೆ ಬಂದು ಒಂದೇ ಟೇಕ್‌ನಲ್ಲಿ ಮುಗಿಸಿಕೊಡುವವನನ್ನು ನಿರ್ಮಾಪಕ ಮತ್ತೆ ಕರೆಯುತ್ತಾನೆ.

ಎಳೆಯ ವಯಸ್ಸಲ್ಲಿ ತೆರೆಗೆ ಬಂದು ಪೋಷಕ ಪಾತ್ರಗಳಲ್ಲಿ ಬಾಳುವ ಈ ಕತೆ ಉಡುಪಿಯ ಕಡೆಯವರಿಗೆ ಹೊಸದೆನಿಸಬಾರದು. ಉದ್ಯಾವರದಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯ ಮತ್ತು ಡಿ. ಶಂಕರ್‌ಸಿಂಗ್ ಸೇರಿ ಕಟ್ಟಿದ ಮಹಾತ್ಮ ಪಿಕ್ಚರ್ಸ್‌ನ ಚಿತ್ರಗಳಲ್ಲಿ ಬೆಳಗಿದ ಪ್ರತಿಮಾದೇವಿ ಉಡುಪಿ ಸೀಮೆಯ ಹುಡುಗಿ. 1947ರ ‘ಕೃಷ್ಣಲೀಲಾ’ದಲ್ಲಿ ತೆರೆಗೆ ಬಂದಾಗ ವಯಸ್ಸು ಹದಿನಾಲ್ಕು. ನಾಯಕಿಯಾದರು, ವಯಸ್ಸಾದಂತೆ ತಾಯಿಯ ಪಾತ್ರಗಳಿಗೆ ಸಲೀಸಾಗಿ ಹೊರಳಿದರು, 2021ರಲ್ಲಿ ತೀರಿಕೊಂಡರು.

ವಯಸ್ಸಿಗೆ ತಕ್ಕಂತೆ ಪಾತ್ರ ಬದಲಿಸುವ ಕ್ರಮ ಯಕ್ಷಗಾನದಲ್ಲಂತೂ ಮೊದಲಿಂದ ಇದೆ. ಮೇಳ ಸೇರಿದ ಹುಡುಗ ಕೋಡಂಗಿಯಾಗಿ ಕುಣಿಯುತ್ತಾನೆ, ಬಾಲಗೋಪಾಲನಾಗುತ್ತಾನೆ, ಪೀಠಿಕೆ ಸ್ತ್ರೀವೇಷ ಮಾಡುತ್ತಾನೆ. ಕಾಲು ಗಟ್ಟಿಯಾದ ಮೇಲೆ ಪುಂಡುವೇಷ, ದನಿ ಬಲಿತ ಮೇಲೆ ಎರಡನೇ ವೇಷ. ದನಿ ಒಡೆದ ಹುಡುಗನನ್ನು ಮೇಳ ಮನೆಗೆ ಕಳಿಸುವುದಿಲ್ಲ, ಬೇರೆ ವೇಷ ಕೊಡುತ್ತದೆ. ಕು.ಶಿ. ಹರಿದಾಸ ಭಟ್ಟ ಹಾಗೂ ಶಿವರಾಮ ಕಾರಂತರ ಆಸಕ್ತಿಯಿಂದ 1971ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕೇಂದ್ರ ಈ ಕಲಿಕೆಯನ್ನು ಗುರುಕುಲದ ಮಾದರಿಯಲ್ಲಿ ಇಂದಿಗೂ ನಡೆಸುತ್ತಿದೆ. ಯಕ್ಷಗಾನ ಕಲಾರಂಗದ ನೆರವಿನಿಂದ ಶಾಲೆಗಳಲ್ಲಿ ಹೆಜ್ಜೆ ಕಲಿಯುವ ಮಕ್ಕಳಿಗಂತೂ ಲೆಕ್ಕವಿಲ್ಲ.

ಸಿನಿಮಾಕ್ಕೆ ಇಂಥ ಏಣಿ ಇಲ್ಲ. ಆದರೂ ಕರಾವಳಿಯ ಮಕ್ಕಳಿಗೆ ಸಿನಿಮಾದ ಬಾಗಿಲು ಹಿಂದೆಂದಿಗಿಂತ ಈಗ ಹತ್ತಿರ. ಮಲ್ಪೆಯ ಹಿನ್ನೆಲೆಯ ‘ಉಳಿದವರು ಕಂಡಂತೆ’ಯಲ್ಲಿ (2014) ಡೆಮಾಕ್ರಸಿ ಎಂಬ ಹುಡುಗ ದೊಡ್ಡವರ ಸಮಕ್ಕೆ ನಿಂತ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ (2018) ಚಿತ್ರವನ್ನು ಎತ್ತಿ ಹಿಡಿದವರೇ ಮಕ್ಕಳು. ಕಾಪು ಕಡಲತೀರದಲ್ಲೋ ಕಾರ್ಕಳದ ಕಡೆಯ ಹಳೆಯ ಮನೆಯಲ್ಲೋ ತುಳು, ಕನ್ನಡ ಚಿತ್ರದ ಶೂಟಿಂಗ್ ಇದೆಯೆಂದರೆ ಆಡಿಷನ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಿಗಳೂ ಇದ್ದಾರೆ. ಅವರು ಮೊದಲು ತಿಳಿಯಬೇಕಾದದ್ದು ಕಾನೂನು.

ಇಂಥ ಕಾನೂನಿಗೆ ಒಂದು ಹಳೆಯ ಉದಾಹರಣೆ ಅಮೆರಿಕದ ಒಬ್ಬ ಬಾಲನಟನ ಸಂಕಟದಿಂದ ಹುಟ್ಟಿತು. ಚಾಪ್ಲಿನ್ನನ ‘ದಿ ಕಿಡ್’ನಲ್ಲಿ (1921) ಜಗತ್ತನ್ನೇ ಅಳಿಸಿದ ಜಾಕಿ ಕೂಗನ್ ಪ್ರಾಯಕ್ಕೆ ಬಂದಾಗ, ತಾನು ದುಡಿದ ಲಕ್ಷಾಂತರ ಡಾಲರ್ ಹೆಚ್ಚುಕಡಿಮೆ ಖಾಲಿಯಾಗಿತ್ತು. 1938ರಲ್ಲಿ ತಾಯಿ ಮತ್ತು ಮಲತಂದೆಯ ವಿರುದ್ಧ ಕೋರ್ಟಿಗೆ ಹೋದ. ಮರುವರ್ಷವೇ ಕ್ಯಾಲಿಫೋರ್ನಿಯಾ ಬಾಲನಟರ ಸಂಪಾದನೆಯಲ್ಲಿ ಒಂದು ಪಾಲನ್ನು ಕಾಪಿಡುವ ಕಾನೂನು ತಂದಿತು. ಕೂಗನ್ ಮುಂದೆ ಪೋಷಕ ನಟನಾಗಿಯೇ ಬಾಳಿದ. 1964ರಿಂದ 66ರವರೆಗೆ ‘ದಿ ಆಡಮ್ಸ್ ಫ್ಯಾಮಿಲಿ’ ಧಾರಾವಾಹಿಯಲ್ಲಿ ಬೋಳುತಲೆಯ ಅಂಕಲ್ ಫೆಸ್ಟರ್ ಆಗಿ ಹೊಸ ತಲೆಮಾರನ್ನು ನಗಿಸಿದ.

ನಮ್ಮಲ್ಲಿ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದವು. ಹದಿನಾಲ್ಕು ತುಂಬದ ಮಗುವನ್ನು ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ಬಳಸಬೇಕಾದರೆ ನಿರ್ಮಾಪಕರು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯಿಂದ ಅನುಮತಿ ಪಡೆಯಬೇಕು. ಕಾಪುವಿನಲ್ಲಿ ಶೂಟಿಂಗ್ ಆದರೂ ಕಾರ್ಕಳದಲ್ಲಿ ಆದರೂ ಅರ್ಜಿ ಹೋಗಬೇಕಾದದ್ದು ಮಣಿಪಾಲದ ರಜತಾದ್ರಿಯಲ್ಲಿರುವ ಉಡುಪಿ ಜಿಲ್ಲಾಧಿಕಾರಿ ಕಚೇರಿಗೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೂಡದು, ಬಿಡುವಿಲ್ಲದೆ ಮೂರು ಗಂಟೆ ದಾಟಕೂಡದು. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊರುವವರು ಸೆಟ್‌ನಲ್ಲಿರಬೇಕು. ಶಾಲೆ ತಪ್ಪದಂತೆ ವ್ಯವಸ್ಥೆ ಬೇಕು. ಮಗುವಿನ ಸಂಪಾದನೆಯ ಕನಿಷ್ಠ ಶೇ. 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ನಿಶ್ಚಿತ ಠೇವಣಿಯಾಗಿ ಉಳಿಯಬೇಕು.

ಕಾನೂನು ಮಗುವಿನ ದುಡ್ಡನ್ನೂ ನಿದ್ದೆಯನ್ನೂ ಕಾಯುತ್ತದೆ. ಹದಿನಾಲ್ಕರ ನಂತರದ ಹೊತ್ತನ್ನು ಹೇಗೆ ಕಳೆಯಬೇಕೆಂದು ಅದು ಹೇಳುವುದಿಲ್ಲ. ಅಲ್ಲಿ ಉಮೇಶರ ದಾರಿ ನೋಡುವಂಥದ್ದು. ಕರೆ ಬಾರದ ವರ್ಷಗಳಲ್ಲಿ ಅವರು ನಾಟಕ ಆಡುತ್ತಿದ್ದರು. ಆದ್ದರಿಂದ ಮಗನನ್ನೋ ಮಗಳನ್ನೋ ಆಡಿಷನ್‌ಗೆ ಒಯ್ಯುವವರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅನುಮತಿ ಪತ್ರದ ಪ್ರತಿ ಕೇಳಿ ಪಡೆಯಲಿ, ಠೇವಣಿಯ ಖಾತೆ ತೆರೆಸಲಿ. ಸಿನಿಮಾ ಮುಗಿದ ಮೇಲೆ ಮುಂದಿನ ಕರೆಗೆ ಕಾಯುತ್ತ ಕೂರಿಸದೆ, ಊರಿನಲ್ಲೇ ಇರುವ ಯಕ್ಷಗಾನ ತರಗತಿಗೋ ರಂಗತಂಡಕ್ಕೋ ಸೇರಿಸಲಿ.