ಸತ್ತವನಿಗೆ ಐದು ಪ್ರಶ್ನೆ

ಮೂವತ್ತನಾಲ್ಕು ವರ್ಷ ಕಾಲೇಜೊಂದರ ಗ್ರಂಥಪಾಲಕನಾಗಿದ್ದು ನಿವೃತ್ತನಾದ ನನಗೆ ಅರವತ್ತೇಳನೆಯ ವಯಸ್ಸಿನಲ್ಲಿ ಪುರೋಹಿತನಾಗುವ ಯೋಗ ಕೂಡಿಬಂದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. 2022ರ ಡಿಸೆಂಬರ್ ತಿಂಗಳು. ಮ್ಯಾಡಿಸನ್ ನಗರದಲ್ಲಿರುವ ಮಗಳ ಮನೆಯ ಹೊರಗೆ ಹಿಮ ಬಿದ್ದಿತ್ತು. ಒಳಗೆ ಊಟದ ಮೇಜಿನ ಸುತ್ತ ಹದಿಮೂರರ ಮೊಮ್ಮಗ, ಅವನ ಮೂವರು ಸ್ನೇಹಿತರು. ಮೇಜಿನ ಒಂದು ತುದಿಯಲ್ಲಿ, ರಟ್ಟಿನ ಮರೆಯ ಹಿಂದೆ, ಅಳಿಯಂದಿರು. ‘ತಾತ, ನೀನೂ ಬಾ. ನಮ್ಮ ಗುಂಪಿನಲ್ಲಿ ವಾಸಿ ಮಾಡೋರು ಯಾರೂ ಇಲ್ಲ’ ಎಂದು ಮೊಮ್ಮಗ ಕರೆದ. ಚಳಿಗೆ ಹೊರಗೆ ಹೋಗಲಾರದೆ ಬೇಸತ್ತಿದ್ದ ನಾನು ಒಪ್ಪಿಕೊಂಡೆ.

ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಇದು 1974ರಲ್ಲಿ ಪ್ರಕಟವಾಯಿತು. ಪ್ರಕಟವಾದ ಊರು ಅದೇ ವಿಸ್ಕಾನ್ಸಿನ್ನಿನ ಲೇಕ್ ಜಿನೀವಾ. ಮಗಳ ಮನೆಯಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಇದರಲ್ಲಿ ಚದುರಂಗದಂತೆ ಗೆಲ್ಲುವವರು ಸೋಲುವವರು ಇರುವುದಿಲ್ಲ. ಒಬ್ಬರು ಸನ್ನಿವೇಶವನ್ನು ವಿವರಿಸುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸಿ, ತಾನು ಹೀಗೆ ಮಾಡುತ್ತೇನೆ, ಹೀಗೆ ನುಡಿಯುತ್ತೇನೆ ಎನ್ನುತ್ತಾರೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕುಳಿತಲ್ಲೇ ಪಾತ್ರವಾಗುವುದನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು. ವ್ಯತ್ಯಾಸವಿಷ್ಟೆ: ತಾಳಮದ್ದಳೆಯ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಫಲ ಸಂದಿಗ್ಧವಾದಾಗ ಇಪ್ಪತ್ತು ಮುಖಗಳ ದಾಳವೊಂದು ತೀರ್ಪು ಕೊಡುತ್ತದೆ.

ಈ ಆಟದ ಪುರೋಹಿತನಿಗೆ ‘ಕ್ಲೆರಿಕ್’ ಎಂದು ಹೆಸರು. 1974ರ ಮೂಲ ನಿಯಮಗಳಲ್ಲಿದ್ದ ಮೂರೇ ವರ್ಗಗಳಲ್ಲಿ ಯೋಧ ಮತ್ತು ಮಾಂತ್ರಿಕರ ಜೊತೆಗೆ ಮೂರನೆಯವನು ಈತ. ಅವನ ಹುಟ್ಟಿನ ಕತೆಯೂ ಸ್ವಾರಸ್ಯಕರವಾಗಿದೆ. ಆರ್ನೆಸನ್ ನಡೆಸುತ್ತಿದ್ದ ಆಟದಲ್ಲಿ ರಕ್ತಪಿಶಾಚಿಯ ಪಾತ್ರವೊಂದು ಯಾರಿಗೂ ಬಗ್ಗದಷ್ಟು ಬಲಿಷ್ಠವಾಗಿಬಿಟ್ಟಿತ್ತು. ಅದನ್ನು ಎದುರಿಸಬಲ್ಲ ಧರ್ಮಾಧಿಕಾರಿಯೊಬ್ಬ ಬೇಕಾಯಿತು. ಹೀಗೆ ಪಿಶಾಚಿಯನ್ನು ಓಡಿಸಲು ಬಂದವನು ಕ್ರಮೇಣ ಗಾಯ ಮಾಯಿಸುವವನೂ ಆದ. ಅವನು ವಿದ್ವಾಂಸನೂ ಆಗಿರಬಹುದೆಂಬ ಯೋಚನೆ ಬಲವಾಗಿ ಬೇರೂರಿದ್ದು ಬಹಳ ತಡವಾಗಿ. 2004ರ ಒಂದು ಪುಸ್ತಕದಲ್ಲಿ ಮಠದೊಳಗೇ ಓದಿಕೊಂಡಿರುವ, ತೋಳ್ಬಲ ಕಡಿಮೆಯಾದರೂ ವಿದ್ಯೆಗಳು ಹೆಚ್ಚಾಗಿರುವ ಕ್ಲೆರಿಕ್ ಬಂದ. 2005ರಲ್ಲಿ ‘ಆರ್ಕಿವಿಸ್ಟ್’ ಎಂಬ ಹೊಸ ವರ್ಗವೇ ಬಂತು. ಈತ ಕಂಡ ಕಂಡ ಸುರುಳಿಗಳಿಂದ ದೈವಿಕ ಮಂತ್ರಗಳನ್ನು ತನ್ನ ಪ್ರಾರ್ಥನಾ ಪುಸ್ತಕಕ್ಕೆ ನಕಲು ಮಾಡಿಕೊಳ್ಳುವ ದಫ್ತರದಾರ. ಅಳಿಯಂದಿರು ಇದನ್ನು ಹೇಳಿದಾಗ ನಮ್ಮ ಕಸುಬಿನವನೇ ಸಿಕ್ಕನೆಂದು ನನಗೆ ಹಿಗ್ಗಾಯಿತು. ಆದರೆ ಆ ಮಕ್ಕಳು ಆಡುತ್ತಿದ್ದುದು 2014ರ ನಿಯಮಗಳಂತೆ. ಅದರಲ್ಲಿ ಆರ್ಕಿವಿಸ್ಟ್ ಇಲ್ಲ. ಬದಲಿಗೆ ಪುರೋಹಿತರು ಆರಿಸಿಕೊಳ್ಳಬಹುದಾದ ಹಲವು ಕ್ಷೇತ್ರಗಳಲ್ಲಿ ‘ಜ್ಞಾನ’ವೂ ಒಂದು. ನಾನು ಅದನ್ನೇ ಆರಿಸಿಕೊಂಡೆ. ಮೊಮ್ಮಗನ ಮುಖ ತುಸು ಸಪ್ಪಗಾಯಿತು. ಅವನಿಗೆ ಬೇಕಿದ್ದುದು ವೈದ್ಯ.

ಪಾತ್ರವನ್ನು ಕಟ್ಟುವ ಕೆಲಸದಲ್ಲಿ ಒಂದು ಸಂಜೆ ಪೂರ್ತಿ ಕಳೆಯಿತು. ಪ್ರತಿ ಪಾತ್ರಕ್ಕೂ ಆರು ಗುಣಗಳು: ಶಕ್ತಿ, ಚುರುಕು, ದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. ಬುದ್ಧಿ ಬೇರೆ, ವಿವೇಕ ಬೇರೆ ಎಂದು 1974ರಲ್ಲೇ ಎರಡು ಪ್ರತ್ಯೇಕ ಕಾಲಂ ಹಾಕಿಟ್ಟವರ ಬಗ್ಗೆ ನನಗೆ ಗೌರವ ಮೂಡಿತು. ಪುರೋಹಿತನ ಮಂತ್ರಗಳ ಬಲವೆಲ್ಲ ವಿವೇಕದಿಂದ ಬರುತ್ತದೆ. ಆದರೆ ಇತಿಹಾಸ, ಪ್ರಕೃತಿ, ಮಂತ್ರಶಾಸ್ತ್ರ, ಕೊನೆಗೆ ಧರ್ಮದ ತಿಳಿವಳಿಕೆ ಕೂಡ ಬುದ್ಧಿಯ ಲೆಕ್ಕಕ್ಕೆ ಸೇರಿದೆ! ಎಂದರೆ, ದೇವರೊಡನೆ ನಿಕಟ ಸಂಬಂಧವುಳ್ಳ ಪುರೋಹಿತ ಧರ್ಮಶಾಸ್ತ್ರದ ಪ್ರಶ್ನೆಗೆ ತಡವರಿಸಬಹುದು; ದೇವರನ್ನೇ ನಂಬದ ಮಾಂತ್ರಿಕ ಥಟ್ಟನೆ ಉತ್ತರ ಹೇಳಬಹುದು. ಇದನ್ನು ಅಸಂಗತವೆಂದು ದೂರುವ ಆಟಗಾರರಿದ್ದಾರೆ. ನಮ್ಮ ನಡುವೆ ಬಾಳಿದವನಿಗೆ ಇದರಲ್ಲಿ ಅಸಂಗತವೇನೂ ಕಾಣದು.

ಇಷ್ಟರಿಂದಲೇ ಜ್ಞಾನಿ ಪುರೋಹಿತನ ಸಂಕಟ ಆರಂಭವಾಗುತ್ತದೆ. ಅವನಿಗೆ ಎರಡೂ ಬೇಕು. ಆರೂ ಗುಣಗಳು 8ರಿಂದ ಶುರುವಾಗುತ್ತವೆ. ಹಂಚಲು ಇರುವುದು 27 ಅಂಶಗಳು. 15ಕ್ಕೆ ಏರಿಸಲು 9 ಅಂಶ, 14ಕ್ಕೆ 7, 12ಕ್ಕೆ 4. ವಿವೇಕಕ್ಕೆ 15, ಬುದ್ಧಿಗೆ 14, ದಾರ್ಢ್ಯಕ್ಕೆ 14, ಚುರುಕಿಗೆ 12 ಕೊಡುವಷ್ಟರಲ್ಲಿ ಗಂಟು ಬರಿದಾಯಿತು. ಶಕ್ತಿ ಮತ್ತು ವರ್ಚಸ್ಸು 8ರಲ್ಲೇ ಉಳಿದವು. ನನ್ನನ್ನು ಬಲ್ಲವರು ಇದು ಕಲ್ಪಿತ ಪಾತ್ರವೆಂದು ಒಪ್ಪಲಾರರು. ಮನುಷ್ಯಕುಲದವನಾದ್ದರಿಂದ ಎಲ್ಲ ಗುಣಗಳಿಗೂ ಒಂದೊಂದು ಅಂಶ ಹೆಚ್ಚಿಗೆ ಸಿಕ್ಕಿತು. ಮಕ್ಕಳ ಪಾತ್ರಗಳು ಆಗಲೇ ಐದನೆಯ ಹಂತ ತಲುಪಿದ್ದುದರಿಂದ ನನ್ನವನನ್ನೂ ಅಲ್ಲಿಗೇ ಏರಿಸಿದರು. ನಡುವೆ, ನಾಲ್ಕನೆಯ ಹಂತಕ್ಕೆ ಸಲ್ಲುವ ಎರಡು ಅಂಶಗಳಿದ್ದವು. ‘ಎರಡನ್ನೂ ವಿವೇಕಕ್ಕೆ ಹಾಕಿ ಮಾವ, ಮಂತ್ರಗಳು ಬಲವಾಗುತ್ತವೆ’ ಎಂದರು ಅಳಿಯಂದಿರು. ನಾನು ಒಂದನ್ನು ಬುದ್ಧಿಗೂ ಇನ್ನೊಂದನ್ನು ದಾರ್ಢ್ಯಕ್ಕೂ ಹಾಕಿದೆ. ಬುದ್ಧಿ 16 ಆಯಿತು. ಧರ್ಮಶಾಸ್ತ್ರದಲ್ಲಿ ಈ ಕ್ಷೇತ್ರದ ಪುರೋಹಿತನಿಗೆ ಇಮ್ಮಡಿ ಪರಿಣತಿ. ದಾಳದಲ್ಲಿ ಬಿದ್ದುದಕ್ಕೆ 9 ಕೂಡಿಸಿಕೊಳ್ಳಬಹುದಿತ್ತು. ಮೇಜಿನ ಸುತ್ತ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ.

ಯಾವ ದೇವರ ಪುರೋಹಿತ ಎಂಬ ಪ್ರಶ್ನೆ ಬಂದಾಗ ಮೊಮ್ಮಗ ‘ಸರಸ್ವತಿ ಆಗಬಹುದಲ್ಲ ತಾತ?’ ಎಂದ. ಈ ಆಟದ 1980ರ ದೇವತೆಗಳ ಪುಸ್ತಕದಲ್ಲಿ ಇಂದ್ರ, ಅಗ್ನಿ ಮೊದಲಾದವರಿಗೂ ಅಂಕಗಳನ್ನು ಕೊಟ್ಟು ಕೂರಿಸಿದ್ದಾರೆಂದು ಅಳಿಯಂದಿರು ಹೇಳಿದರು. ನವರಾತ್ರಿಯಲ್ಲಿ ಪುಸ್ತಕ ಜೋಡಿಸಿ ಪೂಜಿಸಿದ ಕೈಯಿಂದ ಆಕೆಯನ್ನು ದಾಳಕ್ಕೆ ಒಪ್ಪಿಸಲು ಮನಸ್ಸಾಗಲಿಲ್ಲ. ಆಟದ ಜಗತ್ತಿನಲ್ಲಿ ಜ್ಞಾನಕ್ಕೆ ಒಡೆಯನಾದ ಓಘ್ಮನನ್ನು ಆರಿಸಿಕೊಂಡೆ. ಐರ್ಲೆಂಡಿನ ಪುರಾಣಗಳ ಓಗ್ಮ ಆ ನಾಡಿನ ಪ್ರಾಚೀನ ಓಘಂ ಲಿಪಿಯನ್ನು ಕೊಟ್ಟವನೆಂದು ಪ್ರತೀತಿ. ಲಿಪಿ ಕೊಟ್ಟ ದೇವರು ಗ್ರಂಥಪಾಲಕನಿಗೆ ಸಲ್ಲುವವನೇ.

ಪಾತ್ರದ ಹಿನ್ನೆಲೆ ‘ಪಂಡಿತ’ ಎಂದು ಬರೆದುಕೊಂಡೆ. ಅದಕ್ಕೊಂದು ವಿಶೇಷವಿದೆ: ಒಂದು ಸಂಗತಿ ಪಂಡಿತನಿಗೆ ಗೊತ್ತಿರದಿದ್ದರೂ ಅದು ಎಲ್ಲಿ, ಯಾರ ಬಳಿ ಸಿಗುತ್ತದೆಂಬುದು ಸಾಮಾನ್ಯವಾಗಿ ಗೊತ್ತಿರುತ್ತದೆ. ನನ್ನ ವೃತ್ತಿಗೆ ಇದಕ್ಕಿಂತ ಒಳ್ಳೆಯ ನಿರೂಪಣೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ.

ಮೊದಲ ಮೂರು ವಾರ ನನ್ನ ಪುರೋಹಿತ ಚೆನ್ನಾಗಿಯೇ ಬಾಳಿದ. ಜ್ಞಾನದ ಕೆಲವು ಮಂತ್ರಗಳನ್ನು ಹತ್ತು ನಿಮಿಷ ಹೆಚ್ಚಿಗೆ ತೆಗೆದುಕೊಂಡು ಆಚರಣೆಯ ವಿಧಿಯಂತೆ ನಡೆಸಿದರೆ ಶಕ್ತಿಯೇನೂ ಖರ್ಚಾಗುವುದಿಲ್ಲ. ಅಪರಿಚಿತ ವಸ್ತುವಿನ ಗುಣ ತಿಳಿಯುವ ಮಂತ್ರ ಅಂಥದು. ಮುಂದಿನ ಅರ್ಧ ಗಂಟೆಯೊಳಗೆ ಮಾಡಹೊರಟ ಕೆಲಸ ಶುಭವೋ ಅಶುಭವೋ ಎಂದು ಕೇಳುವ ಶಕುನದ ಮಂತ್ರವೂ ಅಂಥದೇ. ಅದೇ ದಿನ ಮತ್ತೆ ಮತ್ತೆ ಶಕುನ ಕೇಳಿದರೆ ಗೊತ್ತುಗುರಿಯಿಲ್ಲದ ಉತ್ತರದ ಸಾಧ್ಯತೆ ಶೇಕಡ 25ರಂತೆ ಏರುತ್ತ ಹೋಗುತ್ತದೆ; ಇದೂ ನನಗೆ ಹಿಡಿಸಿತು. ತಾಳ್ಮೆಯಿದ್ದವನಿಗೆ ತಿಳಿವಳಿಕೆ ಬಿಟ್ಟಿ, ಚಪಲಕ್ಕೆ ದಂಡ. ಪಾಳುಗುಡಿಯೊಂದರ ಗೋಡೆಯ ಮೇಲಿದ್ದ ಗುರುತನ್ನು ನಾನು ಓದಿ ಹೇಳಿದ್ದರಿಂದ ಮಕ್ಕಳು ವಿಷದ ಬಾವಿಯಿಂದ ಪಾರಾದರು. ಮೊಮ್ಮಗನಿಗೆ ತಾತನ ಬಗ್ಗೆ ಹೆಮ್ಮೆ ಮೂಡಿತು.

ಆದರೆ ಶಕ್ತಿ ಖರ್ಚಾಗುವ ಮಂತ್ರಗಳೂ ಇವೆ. ಮೂರನೆಯ ದರ್ಜೆಯ ಮಂತ್ರಗಳನ್ನು ನನ್ನ ಹಂತದ ಪುರೋಹಿತ ದಿನಕ್ಕೆ ಎರಡೇ ಬಾರಿ ಪ್ರಯೋಗಿಸಬಲ್ಲ. ಆ ದರ್ಜೆಯಲ್ಲಿ ಎರಡು ಮಂತ್ರಗಳು ಅಕ್ಕಪಕ್ಕ ಇರುತ್ತವೆ. ಒಂದು, ಶವದೊಡನೆ ಮಾತಾಡುವುದು: ಸತ್ತವನಿಗೆ ಐದು ಪ್ರಶ್ನೆ ಕೇಳಬಹುದು. ಅವನು ಬದುಕಿದ್ದಾಗ ತಿಳಿದಿದ್ದನ್ನಷ್ಟೇ ಹೇಳಬಲ್ಲ. ಅದೂ ಚುಟುಕಾಗಿ, ಒಗಟಾಗಿ. ಇನ್ನೊಂದು, ಸತ್ತು ಒಂದು ನಿಮಿಷ ಮೀರದವನನ್ನು ಬದುಕಿಸುವುದು: ಇದಕ್ಕೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ಮಕ್ಕಳು ತಮ್ಮ ಪಾಲಿನ ಹಣ ಸೇರಿಸಿ ಆ ವಜ್ರ ಕೊಂಡು ನನ್ನ ಚೀಲಕ್ಕೆ ಹಾಕಿದ್ದರು.

ಜನವರಿಯ ಒಂದು ಶನಿವಾರ ನಮ್ಮ ತಂಡ ಬೆಟ್ಟದೊಳಗಿನ ಹಳೆಯ ಮಠವೊಂದನ್ನು ಹೊಕ್ಕಿತು. ಬಾಗಿಲ ಬಳಿ ಕಾವಲುಗಾರನ ಶವವಿತ್ತು. ಅವನಿಗೆ ಐದು ಪ್ರಶ್ನೆ ಕೇಳಿದೆ, ದಾರಿ ತಿಳಿಯಿತು. ಅದು ಬೇಕಾದ ಕೆಲಸವೇ. ಮುಂದಿನ ಕೋಣೆಯಲ್ಲಿ ಇನ್ನೊಂದು ಶವ, ಮಠದ ಲಿಪಿಕಾರನದು. ಸುತ್ತ ಸುಟ್ಟ ಹಸ್ತಪ್ರತಿಗಳು. ಅವನ್ನು ಸುಟ್ಟವರು ಯಾರು? ಅವುಗಳಲ್ಲಿ ಏನಿತ್ತು? ಅದರಿಂದ ನಮ್ಮ ಕಾರ್ಯಕ್ಕೆ ಆಗಬೇಕಾದದ್ದೇನೂ ಇರಲಿಲ್ಲ. ನನಗೆ ಗೊತ್ತಾಗಬೇಕಿತ್ತು, ಅಷ್ಟೆ. ‘ಖಂಡಿತ ತಾನೇ ಮಾವ? ಇದೊಂದೇ ಉಳಿದಿರೋದು’ ಎಂದು ಅಳಿಯಂದಿರು ಎಚ್ಚರಿಸಿದರು. ಖಂಡಿತ ಎಂದೆ. ಐದು ಪ್ರಶ್ನೆಗಳೂ ಮುಗಿದವು.

ಮೂರನೆಯ ಕೋಣೆಯಲ್ಲಿ ಗೂಬೆಯ ಮೊಗದ ಎರಡು ಕರಡಿಗಳಿದ್ದವು. ಮೊಮ್ಮಗನ ಬಿಲ್ಲುಗಾರ ಮುಂದಿದ್ದ. ಮೊದಲನೆಯದು ಅವನನ್ನು ನೆಲಕ್ಕುರುಳಿಸಿತು. ಬಿದ್ದವನ ಮೇಲೆ ಎರಡನೆಯದು ಎರಗಿ ಕೊಕ್ಕಿನಿಂದಲೂ ಉಗುರಿನಿಂದಲೂ ಬಗೆಯಿತು. ನಿಯಮದಂತೆ ನನ್ನ ಸರದಿ ಬರುವಷ್ಟರಲ್ಲಿ ಅವನು ಸತ್ತಿದ್ದ. ಒಂದು ನಿಮಿಷದ ಅವಧಿಯಿತ್ತು. ಬದುಕಿಸುವ ಮಂತ್ರ ಬಾಯಲ್ಲಿತ್ತು. ವಜ್ರ ಚೀಲದಲ್ಲಿತ್ತು. ಶಕ್ತಿ ಮಾತ್ರ ಸುಟ್ಟ ಹಸ್ತಪ್ರತಿಗಳ ಮೇಲೆ ಖರ್ಚಾಗಿಹೋಗಿತ್ತು. ಒಂದೂವರೆ ವರ್ಷದಿಂದ ಆ ಪಾತ್ರವನ್ನು ಬೆಳೆಸಿದ್ದ ಹುಡುಗ ತನ್ನ ಹಾಳೆಯನ್ನು ಮಡಿಸಿಟ್ಟು, ‘ಪರವಾಗಿಲ್ಲ ತಾತ, ಆಟ ತಾನೇ’ ಎಂದು ಮಹಡಿ ಹತ್ತಿದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಆಟವಲ್ಲ. 2015ರಲ್ಲಿ ನನ್ನಾಕೆ ಕಾಯಿಲೆ ಬಿದ್ದಾಗ ನಾನು ಮಾಡಿದ್ದೂ ಇದನ್ನೇ. ರೋಗದ ಹೆಸರು ಗೊತ್ತಾದ ದಿನದಿಂದ ಆ ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ. ಲೇಖನಗಳನ್ನು ತರಿಸಿದೆ, ವಿಷಯವಾರು ವಿಂಗಡಿಸಿದೆ, ಕಡತ ಮಾಡಿದೆ. ಓದಿದ್ದು ವ್ಯರ್ಥವೆಂದು ಹೇಳಲಾರೆ. ಎರಡನೆಯ ಅಭಿಪ್ರಾಯ ಕೇಳಿದ್ದರಿಂದ ಬೇಡದ ಶಸ್ತ್ರಚಿಕಿತ್ಸೆಯೊಂದು ತಪ್ಪಿತು. ಅಲ್ಲಿಗೆ ನಾನು ನಿಲ್ಲಿಸಬಹುದಿತ್ತು. ವೈದ್ಯರು ಇನ್ನು ಮಾಡುವಂಥದ್ದೇನೂ ಉಳಿದಿಲ್ಲವೆಂದ ಮೇಲೂ ನಾನು ಓದುತ್ತಲೇ ಇದ್ದೆ. ಹಾಸಿಗೆಯ ಪಕ್ಕದ ಕುರ್ಚಿಯ ಮೇಲೆ ಕಡತವಿರುತ್ತಿತ್ತು, ನಾನು ಇರುತ್ತಿರಲಿಲ್ಲ. ‘ಆ ಕಾಗದಗಳನ್ನ ಅತ್ತ ಇಡಿ. ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ’ ಎಂದು ಆಕೆ ಒಮ್ಮೆ ಹೇಳಿದಳು. ಇದೊಂದು ಪುಟ ಮುಗಿಸಿ ಬರುತ್ತೇನೆಂದೆ. 2016ರ ಫೆಬ್ರವರಿಯಲ್ಲಿ ಆಕೆ ಹೋದಳು. ಆಕೆಯ ಕಾಯಿಲೆಯ ಬಗ್ಗೆ ನನಗೆ ಈಗಲೂ ಬಹಳ ಗೊತ್ತು. ಆ ಕೊನೆಯ ತಿಂಗಳು ಆಕೆ ಏನನ್ನು ಯೋಚಿಸುತ್ತಿದ್ದಳೆಂಬುದು ಮಾತ್ರ ಗೊತ್ತಿಲ್ಲ. ಐದು ಪ್ರಶ್ನೆ ಕೇಳಲು ಇಲ್ಲಿ ಯಾವ ಮಂತ್ರವೂ ಇಲ್ಲ.

ಬುದ್ಧಿ ಮತ್ತು ವಿವೇಕಗಳಿಗೆ ಎರಡು ಕಾಲಂ ಏಕೆ ಬೇಕೆಂಬುದು ನನಗೆ ಅಂದು ಅರ್ಥವಾಯಿತು. ಶವ ಏನು ಹೇಳೀತು ಎಂಬುದು ಬುದ್ಧಿಯ ಪ್ರಶ್ನೆ. ಈಗ ಕೇಳಬೇಕೇ ಎಂಬುದು ವಿವೇಕದ್ದು. ತಿಳಿಯುವ ಹಂಬಲ ಎಷ್ಟೋ ಸಲ ಭಯದ ಇನ್ನೊಂದು ರೂಪವಾಗಿರುತ್ತದೆ. ಏನೂ ಮಾಡಲಾಗದೆಂಬ ಸಂಕಟವನ್ನು ಎದುರಿಸಲಾರದವನು ಇನ್ನೊಂದು ಪುಟ ತಿರುವಿಹಾಕುತ್ತಾನೆ. ಗ್ರಂಥಾಲಯಕ್ಕೆ ಹೋಗಬೇಕಿದ್ದ ನನ್ನ ಕಾಲದಲ್ಲಿ ಈ ಚಟಕ್ಕೆ ಬಾಗಿಲು ಮುಚ್ಚುವ ವೇಳೆಯಾದರೂ ಒಂದಿತ್ತು. ಜೇಬಿನಲ್ಲೇ ಗ್ರಂಥಾಲಯವಿರುವ ಇಂದಿನವರಿಗೆ ಅದೂ ಇಲ್ಲ.

ಮುಂದಿನ ಶನಿವಾರ ಮೊಮ್ಮಗ ಹೊಸ ಪಾತ್ರವೊಂದನ್ನು ಕಟ್ಟಿಕೊಂಡು ಬಂದ. ನಾನು ಪುರೋಹಿತನನ್ನು ಬದಲಾಯಿಸಲಿಲ್ಲ. ಆದರೆ ಒಂದು ನೇಮ ಹಾಕಿಕೊಂಡೆ: ಮೂರನೆಯ ದರ್ಜೆಯ ಎರಡು ಪ್ರಯೋಗಗಳಲ್ಲಿ ಒಂದನ್ನು ದಿನದ ಕೊನೆಯವರೆಗೂ ಮುಟ್ಟಕೂಡದು. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹೊರಡುವವರೆಗೂ ನಾನು ಅದನ್ನು ಮೀರಲಿಲ್ಲ. ಎಷ್ಟೋ ಶವಗಳು ತಮ್ಮ ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡವು.

ಈ ಆಟದ ನಿಯಮಗಳು 2024ರಲ್ಲಿ ಪರಿಷ್ಕೃತವಾಗಿವೆ. ಪುರೋಹಿತ ವಿದ್ವತ್ತಿನ ದಾರಿ ಹಿಡಿದರೆ, ಮಂತ್ರಶಾಸ್ತ್ರ ಮತ್ತು ಧರ್ಮದ ಪ್ರಶ್ನೆಗಳಲ್ಲಿ ಅವನ ಬುದ್ಧಿಯ ಅಂಕಕ್ಕೆ ವಿವೇಕದ ಅಂಕವನ್ನೂ ಕೂಡಿಸಬಹುದಂತೆ. ‘ನಿನ್ನ ಪುರೋಹಿತನಿಗೆ ಲಾಭ ತಾತ’ ಎಂದು ಮೊಮ್ಮಗ ಫೋನಿನಲ್ಲಿ ಹೇಳಿದ. ಐವತ್ತು ವರ್ಷ ಹಿಡಿಯಿತಲ್ಲ ಎಂದೆ. ಅವನು ನಕ್ಕ. ಬರುವ ಚಳಿಗಾಲಕ್ಕೆ ಟಿಕೆಟ್ ತೆಗೆದಿದ್ದೇನೆ. ಈ ಸಲ ಅವನ ಪಕ್ಕದ ಕುರ್ಚಿ ನನಗೆ ಬೇಕೆಂದು ಹೇಳಿಟ್ಟಿದ್ದೇನೆ.