ಮಿದುಳಿನಲ್ಲಿ ದಾರಿ ತೋರುವ ಚಿತ್ರಗಳು

ಸುತ್ತೂರಿನಲ್ಲಿ ಕಪಿಲಾ ನದಿಯ ದಡದಲ್ಲಿ ಬೆಳೆದವರು ಒಂದು ಸಂಗತಿಯನ್ನು ಬಲ್ಲರು. ಪ್ರವಾಹ ಬಂದು ಹೋದ ಮೇಲೆ ನದಿಯ ಮರಳು ಮೊದಲಿದ್ದೆಡೆಯಲ್ಲಿಯೇ ಇರುವುದಿಲ್ಲ. ಬೇಸಗೆಯಲ್ಲಿ ಕಂಡ ದಾರಿಯನ್ನೇ ನಂಬಿ ನೀರಿಗಿಳಿದವನು ಮಡುವಿಗೆ ಬೀಳಬಹುದು. ಮಗುವಿನ ಮಿದುಳಿನಿಂದ ಗೆಡ್ಡೆಯನ್ನು ತೆಗೆಯಹೊರಟ ಶಸ್ತ್ರವೈದ್ಯರಿಗೂ ಇಂಥದೇ ತೊಡಕು ಎದುರಾಗುತ್ತದೆ. ಅದನ್ನು ವಿಜ್ಞಾನವು ಹೇಗೆ ನಿವಾರಿಸುತ್ತಿದೆಯೆಂಬುದನ್ನು ಈಗ ನೋಡೋಣ.

ಮಕ್ಕಳಲ್ಲಿ ಗೆಡ್ಡೆಯು ಅನೇಕ ವೇಳೆ ತಲೆಯ ಹಿಂಭಾಗದಲ್ಲಿರುವ ಅನುಮಸ್ತಿಷ್ಕದಲ್ಲಿ ಬೆಳೆಯುತ್ತದೆ. ದೇಹದ ಸಮತೋಲವನ್ನು ಕಾಯುವ ಭಾಗವಿದು. ಆದುದರಿಂದ ಮಗು ತೂರಾಡುತ್ತ ನಡೆಯುವುದು, ಬೆಳಗಿನ ಹೊತ್ತು ತಲೆನೋವು, ವಾಂತಿ ಮೊದಲಾದ ಲಕ್ಷಣಗಳು ತೋರುತ್ತವೆ. ಇದರ ಪಕ್ಕದಲ್ಲಿಯೇ ಉಸಿರಾಟವನ್ನು ನಡೆಸುವ ಮಿದುಳುಕಾಂಡವಿದೆ. ಇಲ್ಲಿ ಕೆಲವೇ ಮಿಲಿಮೀಟರುಗಳ ತಪ್ಪೂ ದುಬಾರಿಯಾದೀತು.

1895ರಲ್ಲಿ ರಾಂಟ್‌ಜೆನ್ನನು ಕಂಡುಹಿಡಿದ ಕ್ಷ-ಕಿರಣಗಳು ತಲೆಯ ಎಲುಬನ್ನು ತೋರಿಸಿದವೇ ಹೊರತು ಅದರೊಳಗಿನ ಮೃದುವಾದ ಮಿದುಳನ್ನು ತೋರಿಸಲಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ಪದರ ಪದರವಾಗಿ ಚಿತ್ರಿಸಿತು. ಅನಂತರ ಬಂದ ಎಂ.ಆರ್.ಐ. ಯಂತ್ರವು ಪ್ರಬಲವಾದ ಅಯಸ್ಕಾಂತದ ನೆರವಿನಿಂದ, ಕ್ಷ-ಕಿರಣಗಳಿಲ್ಲದೆಯೇ, ಇನ್ನೂ ಸ್ಪಷ್ಟವಾದ ಚಿತ್ರಗಳನ್ನು ಒದಗಿಸಿತು. ಈ ಚಿತ್ರಗಳನ್ನು ಗಣಕಯಂತ್ರಕ್ಕೆ ಊಡಿದರೆ, ಉಪಕರಣದ ತುದಿಯು ಮಿದುಳಿನಲ್ಲಿ ಎಲ್ಲಿದೆಯೆಂಬುದನ್ನು ಅದು ಪರದೆಯ ಮೇಲೆ ತೋರಿಸುತ್ತದೆ.

ಆದರೆ ತಲೆಬುರುಡೆಯನ್ನು ತೆರೆದೊಡನೆ ಒಳಗಿನ ದ್ರವವು ಹರಿದುಹೋಗಿ ಮಿದುಳು ಕುಸಿಯುತ್ತದೆ. ಗೆಡ್ಡೆಯನ್ನು ತೆಗೆದಂತೆಲ್ಲ ಸುತ್ತಲಿನ ಭಾಗಗಳು ಸರಿಯುತ್ತವೆ. ಈ ಸರಿತವು ಕೆಲವೊಮ್ಮೆ ಒಂದು ಸೆಂಟಿಮೀಟರನ್ನೂ ಮೀರುತ್ತದೆ. ಹಿಂದಿನ ದಿನದ ನಕ್ಷೆಯು ಆಗ ಹಳತಾಗುತ್ತದೆ.

ಹಾಗಾದರೆ ಶಸ್ತ್ರಕ್ರಿಯೆಯ ನಡುವೆಯೇ ಹೊಸ ಚಿತ್ರವನ್ನು ತೆಗೆಯಬಾರದೇಕೆ? ಇದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಶ್ರವಣಾತೀತ ಧ್ವನಿ. ತೆರೆದ ಮಿದುಳಿನ ಮೇಲೆ ಪುಟ್ಟ ಸಾಧನವೊಂದನ್ನು ಇರಿಸಿದರೆ, ಅದು ಕಳುಹಿದ ಧ್ವನಿಯ ಪ್ರತಿಧ್ವನಿಗಳಿಂದ ಆ ಕ್ಷಣದ ಚಿತ್ರ ಮೂಡುತ್ತದೆ. ಇದಕ್ಕೆ ವೆಚ್ಚ ಕಡಮೆ. ಆದರೆ ರಕ್ತವೂ ಗಾಳಿಯೂ ಚಿತ್ರವನ್ನು ಮಸುಕುಗೊಳಿಸುತ್ತವೆ. ಎರಡನೆಯದು ಶಸ್ತ್ರಾಗಾರದಲ್ಲಿಯೇ ಎಂ.ಆರ್.ಐ. 1994ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಇಂಥ ಏರ್ಪಾಟು ಮೊದಲಾಯಿತು. ಇದರ ಚಿತ್ರ ಸ್ಪಷ್ಟ. ಆದರೆ ವೆಚ್ಚ ಅಪಾರ. ಅಯಸ್ಕಾಂತದ ಬಳಿ ಕಬ್ಬಿಣದ ಉಪಕರಣಗಳು ಸುಳಿಯಕೂಡದು. ಚಿತ್ರ ಮುಗಿಯುವವರೆಗೆ ಮಗುವು ಅರಿವಳಿಕೆಯಲ್ಲಿಯೇ ಇರಬೇಕು.

ಮಕ್ಕಳಿಗಾಗಿ ಇಷ್ಟು ಶ್ರಮವೇಕೆಂದು ಓದುಗರು ಕೇಳಬಹುದು. ಶಸ್ತ್ರಕ್ರಿಯೆಯಲ್ಲಿ ಉಳಿದುದನ್ನು ದೊಡ್ಡವರಲ್ಲಿ ವಿಕಿರಣದಿಂದ ಸುಡಬಹುದು. ಬೆಳೆಯುತ್ತಿರುವ ಎಳೆಯ ಮಿದುಳಿಗೆ ವಿಕಿರಣವೇ ಹಾನಿ ಮಾಡಿ ಕಲಿಕೆಯನ್ನು ಕುಂದಿಸುತ್ತದೆ; ಮೂರು ವರ್ಷದೊಳಗಿನ ಮಕ್ಕಳಲ್ಲಿ ವೈದ್ಯರು ಆದಷ್ಟೂ ಅದನ್ನು ದೂರವಿಡುತ್ತಾರೆ. ನಿಧಾನವಾಗಿ ಬೆಳೆಯುವ ಕೆಲವು ಗೆಡ್ಡೆಗಳನ್ನು ಪೂರ್ತಿಯಾಗಿ ತೆಗೆದರೆ, ಅನೇಕ ಮಕ್ಕಳಿಗೆ ಬೇರೆ ಚಿಕಿತ್ಸೆಯೇ ಬೇಕಾಗದು. ಮರೆಯಲ್ಲಿ ಉಳಿದ ತುಣುಕನ್ನು ತಲೆಯನ್ನು ಮುಚ್ಚುವ ಮೊದಲೇ ಕಂಡರೆ, ಎರಡನೆಯ ಶಸ್ತ್ರಕ್ರಿಯೆಯ ಸಂಕಟವೂ ತಪ್ಪೀತು.

ನಮ್ಮ ನಾಡಿನಲ್ಲಿ ಮಿದುಳಿನ ರೋಗಗಳ ಚಿಕಿತ್ಸೆಗೆ ಹೆಸರಾದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ರೂಪುಗೊಂಡಿತು. ಆದರೆ ಹಳ್ಳಿಯ ಮಗು ಅಂಥ ಕಡೆಗೆ ತಲುಪುವ ಮುನ್ನ, ಅದರ ತೂರಾಟವನ್ನೂ ಬೆಳಗಿನ ವಾಂತಿಯನ್ನೂ ಮನೆಯವರೋ ಉಪಾಧ್ಯಾಯರೋ ಗಮನಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಯಂತ್ರದ ನೆರವು ಅದಾದ ಮೇಲಷ್ಟೇ ದೊರೆಯಬಲ್ಲದು.