ಕಲ್ಲಿನ ಗೋಡೆಯಲ್ಲಿ ವಿದ್ಯುತ್ ತಂತಿಯ ಕಚ್ಚು

ವಿದ್ಯುತ್ ತಂತಿಗಳು ಹೊರಗೆ ಕಾಣದಂತೆ ಸಾಗಿಸುವುದಕ್ಕಾಗಿ ಗೋಡೆಯಲ್ಲಿ ಕೊರೆಯುವ ಕಿರಿದಾದ, ಉದ್ದನೆಯ ಕಾಲುವೆಯನ್ನು ಕಚ್ಚು ಎನ್ನಬಹುದು. ಕೆಲಸಗಾರರ ಮಾತಿನಲ್ಲಿ ಇದು ಗ್ರೂವ್. ಇದರೊಳಗೆ ಪಿವಿಸಿ ಪೈಪನ್ನು ಕೂರಿಸಿ, ಮೇಲೆ ಗಿಲಾವು ಮಾಡಿ, ಪೈಪಿನ ಮೂಲಕ ತಂತಿಗಳನ್ನು ಎಳೆಯಲಾಗುತ್ತದೆ. ಇಟ್ಟಿಗೆಯ ಗೋಡೆಯಲ್ಲಿ ಸುಲಭವಾದ ಈ ಕೆಲಸವು ಕರಿಕಲ್ಲಿನ ಗೋಡೆಯಲ್ಲಿ ಕಷ್ಟಕರ, ಕೆಲವೊಮ್ಮೆ ಅಪಾಯಕರ. ವಿಜಯಪುರ ಜಿಲ್ಲೆಯ ಕಾಖಂಡಕಿ, ಬಬಲೇಶ್ವರ, ತಿಕೋಟಾ ಭಾಗದ ಹಳೆಯ ಮನೆಗಳಲ್ಲಿ ಈ ತೊಡಕು ಸ್ಪಷ್ಟವಾಗಿ ಕಾಣುತ್ತದೆ.

ಗೋಡೆಯ ಸ್ವರೂಪ

ಈ ಪ್ರದೇಶವು ದಖ್ಖನ್ ಟ್ರ್ಯಾಪ್ ಎಂಬ ಲಾವಾ ಪ್ರಸ್ಥಭೂಮಿಗೆ ಸೇರಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆಯೇ ಇಲ್ಲಿನ ಕಟ್ಟಡದ ಕಲ್ಲು; ವಿಜಯಪುರದ ಗೋಳಗುಮ್ಮಟವೂ ಇದೇ ಕಲ್ಲಿನಿಂದ ನಿರ್ಮಿತವಾಗಿದೆ. ಗಟ್ಟಿ ಬಸಾಲ್ಟ್ ಸಾಮಾನ್ಯ ಸುಟ್ಟ ಇಟ್ಟಿಗೆಗಿಂತ ಹಲವು ಪಟ್ಟು ಹೆಚ್ಚು ಒತ್ತಡವನ್ನು ತಾಳಬಲ್ಲದು.

ಆದರೆ ಕಲ್ಲು ಗಟ್ಟಿಯಾದ ಮಾತ್ರಕ್ಕೆ ಗೋಡೆಯೂ ಗಟ್ಟಿ ಎಂದು ಭಾವಿಸುವಂತಿಲ್ಲ. ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆಗಳಲ್ಲಿ ಹೊರಮುಖಕ್ಕೊಂದು, ಒಳಮುಖಕ್ಕೊಂದು ಕಲ್ಲಿನ ಸಾಲಿದ್ದು, ನಡುವೆ ಮಣ್ಣು ಮತ್ತು ಕಲ್ಲುಚೂರುಗಳನ್ನು ತುಂಬಿರುತ್ತಾರೆ. ಇಂತಹ ಗೋಡೆಗೆ ಸುತ್ತಿಗೆ ಮತ್ತು ಉಳಿಯಿಂದ ಬಲವಾಗಿ ಹೊಡೆದಾಗ ಕಲ್ಲು ಸೀಳುವ ಮೊದಲೇ ಸಂದಿನ ಮಣ್ಣು ಉದುರಿ, ಕಲ್ಲು ತನ್ನ ನೆಲೆಯಿಂದ ಸಡಿಲಗೊಳ್ಳುತ್ತದೆ. ಮೇಲೆ ಮಣ್ಣಿನ ಮಾಳಿಗೆಯ ಭಾರವಿದ್ದು, ಮಳೆಗೆ ಗೋಡೆ ನೆನೆದಿದ್ದರೆ ಕುಸಿತದ ಸಂಭವ ಹೆಚ್ಚು.

ಆಳದ ಮಿತಿ

ಭಾರತೀಯ ಮಾನಕ ಐಎಸ್ 1905ರ (1987) ಪ್ರಕಾರ ಭಾರ ಹೊರುವ ಗೋಡೆಯಲ್ಲಿ ಲಂಬ ಕಚ್ಚಿನ ಆಳವು ಗೋಡೆಯ ದಪ್ಪದ ಮೂರನೇ ಒಂದು ಭಾಗವನ್ನೂ, ಅಡ್ಡ ಕಚ್ಚಿನ ಆಳವು ಆರನೇ ಒಂದು ಭಾಗವನ್ನೂ ಮೀರಬಾರದು. 230 ಮಿ.ಮೀ. ದಪ್ಪದ ಗೋಡೆಗೆ ಇವು ಕ್ರಮವಾಗಿ ಸುಮಾರು 76 ಮತ್ತು 38 ಮಿ.ಮೀ. ಆಗುತ್ತವೆ. 20 ಮಿ.ಮೀ. ಪೈಪು ಮತ್ತು ಅದರ ಮೇಲಿನ ಗಾರೆಗೆ ಲಂಬವಾಗಿ ಧಾರಾಳ ಸ್ಥಳವಿದೆ. ಅಡ್ಡಲಾಗಿ ಉಳಿಯುವುದು ಅತ್ಯಲ್ಪ. ಅಡ್ಡ ಕಚ್ಚು ಗೋಡೆಯ ಉದ್ದಕ್ಕೂ ಭಾರ ಹೊರುವ ಅಗಲವನ್ನು ಕುಗ್ಗಿಸುವುದರಿಂದ ಈ ಬಿಗಿ ನಿಯಮ. ಗಮನಿಸಬೇಕಾದ ಸಂಗತಿಯೆಂದರೆ, ಮಣ್ಣಿನ ಗಾರೆಯ ಗೋಡೆಗಳಿಗೆ ಈ ಮಾನಕ ಅನ್ವಯಿಸುವುದಿಲ್ಲ. ಆದ್ದರಿಂದ ಎರಡಡಿ ದಪ್ಪದ ಹಳೆಯ ಗೋಡೆಗೆ ಇದೇ ಲೆಕ್ಕ ಹಾಕಿ ಎಂಟು ಅಂಗುಲ ಕೊರೆಯಬಹುದೆನ್ನುವುದು ತಪ್ಪು ತರ್ಕ.

ಕೊರೆಯುವ ವಿಧಾನ

ಸಿಮೆಂಟ್ ಗಾರೆಯಲ್ಲಿ ಕಟ್ಟಿದ ಗೋಡೆಯಾದರೆ ಮೊದಲು ಎರಡು ಸಮಾನಾಂತರ ಗೆರೆಗಳನ್ನು ಎಳೆದು, ವಜ್ರದ ಅಂಚುಳ್ಳ ಬಿಲ್ಲೆಯ ಕಟರ್ ಯಂತ್ರದಿಂದ ಗೆರೆಗುಂಟ ಸೀಳಿ, ನಡುವಿನ ಭಾಗವನ್ನು ಉಳಿಯಿಂದ ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತಾರೆ. ಒಮ್ಮೆಲೇ ಪೂರ್ಣ ಆಳಕ್ಕೆ ಇಳಿಸದೆ ಹಂತಹಂತವಾಗಿ ಸೀಳಿದರೆ ಬಿಲ್ಲೆ ಸಿಕ್ಕಿಕೊಳ್ಳುವುದು ಕಡಿಮೆ. ಸಾಧ್ಯವಾದಲ್ಲಿ ಕಲ್ಲನ್ನು ಬಿಟ್ಟು ಸಂದಿನ ಗಾರೆಯನ್ನು ಅನುಸರಿಸುವುದು ಜಾಣತನ. ಪೈಪು ಸ್ವಲ್ಪ ಬಳಸಿ ಹೋದರೂ ಶ್ರಮ ಉಳಿಯುತ್ತದೆ. ಆದರೆ ಸ್ವಿಚ್ಚು ಅಥವಾ ಪೆಟ್ಟಿಗೆಯಿಂದ ನೇರವಾಗಿ ಮೇಲಕ್ಕೋ ಕೆಳಕ್ಕೋ ಹೋಗದ ಪೈಪಿನ ದಾರಿಯನ್ನು ಮುಂದೆ ಮೊಳೆ ಹೊಡೆಯುವವರು ಊಹಿಸಲಾರರು. ಮುಚ್ಚುವ ಮೊದಲೇ ಅದರ ಛಾಯಾಚಿತ್ರ ತೆಗೆದಿಡುವುದು ಲೇಸು.

ಕೊರೆಯುವ ಮುನ್ನ ಮುಖ್ಯ ಸ್ವಿಚ್ಚನ್ನು ಆರಿಸಿ, ಹಳೆಯ ತಂತಿಗಳಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಬೇಕು. ಯಂತ್ರಕ್ಕೆ ಆ ಗೋಡೆಗೆ ಸಂಬಂಧಿಸದ ಬೇರೆ ಕಡೆಯಿಂದ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಸಾಧನದ ಮೂಲಕ ವಿದ್ಯುತ್ ಒದಗಿಸುವುದು ಸುರಕ್ಷಿತ.

ಧೂಳು

ಬಸಾಲ್ಟಿನಲ್ಲಿ ಸ್ಫಟಿಕ ಶಿಲೆಯ ಅಂಶ ತೀರ ಕಡಿಮೆ. ಆದರೆ ಗಾರೆಯ ಮರಳಿನಲ್ಲಿ ಅದು ಹೇರಳವಾಗಿರಬಹುದು. ಅದರ ಸೂಕ್ಷ್ಮ ಧೂಳನ್ನು ದೀರ್ಘಕಾಲ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ, ಗುಣವಾಗದ ಶ್ವಾಸಕೋಶದ ರೋಗ ತಗಲುತ್ತದೆ. ಮೂಗಿಗೆ ಟವೆಲ್ ಸುತ್ತಿಕೊಳ್ಳುವ ರೂಢಿ ಇದಕ್ಕೆ ರಕ್ಷಣೆಯಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಅಥವಾ ಅದಕ್ಕೂ ಮೇಲಿನ ದರ್ಜೆಯ ಮುಖಗವಸು, ಕಣ್ಣಿಗೆ ಕನ್ನಡಕ ಅಗತ್ಯ.

ಪರ್ಯಾಯ

ಮಣ್ಣು ತುಂಬಿದ ಕಲ್ಲಿನ ಗೋಡೆಗಳನ್ನು ಕೊರೆಯದಿರುವುದೇ ಉತ್ತಮ. ಗೋಡೆಯ ಮೇಲೆಯೇ ಕೂರುವ ಕೇಸಿಂಗ್ ಪಟ್ಟಿ ಅಥವಾ ಕ್ಲಿಪ್ಪುಗಳಿಂದ ಬಿಗಿದ ಪೈಪು ನೋಟಕ್ಕೆ ಅಷ್ಟು ಅಂದವಲ್ಲದಿದ್ದರೂ ದುರಸ್ತಿಗೆ ಸುಲಭ. ಮರದ ಕಂಬ, ತೊಲೆಗಳಿರುವ ಮನೆಗಳಲ್ಲಿ ಪೈಪನ್ನು ತೊಲೆಯ ಮಗ್ಗುಲಿನಲ್ಲಿ ಒಯ್ದರೆ ಹೆಚ್ಚು ಎದ್ದು ಕಾಣುವುದೂ ಇಲ್ಲ.